ಚದುರಿದ ಮನಸ್ಸು ಮತ್ತು ಖಾತ್ರಿ

ನೌಕರಿಗೆ ಜನ ಬೇಕೆಂದು ಪ್ರಕಟವಾಗುವ ಜಾಹೀರಾತುಗಳನ್ನು ಓದುವವರಿಗೆ ಒಂದು ಷರತ್ತು ಚೆನ್ನಾಗಿ ಪರಿಚಿತ: ಅಭ್ಯರ್ಥಿಯು ಏಕಕಾಲಕ್ಕೆ ಹಲವು ಕೆಲಸಗಳನ್ನು ನಿಭಾಯಿಸಬಲ್ಲವರಾಗಿರಬೇಕು. ಅದೇ ಅಭ್ಯರ್ಥಿ ನೌಕರಿ ಸಿಕ್ಕ ಕೆಲವು ವರ್ಷಗಳಲ್ಲಿ ನಿದ್ದೆಗೆಟ್ಟು, ರಕ್ತದೊತ್ತಡ ಏರಿಸಿಕೊಂಡು, ಪುಸ್ತಕದಂಗಡಿಯ ವ್ಯಕ್ತಿತ್ವ ವಿಕಸನದ ಕಪಾಟಿನ ಮುಂದೆ ನಿಂತರೆ ಅಲ್ಲಿ ಸಿಗುವ ಉಪದೇಶ ಇದಕ್ಕೆ ತೀರಾ ವಿರುದ್ಧವಾದದ್ದು. ಒಂದು ಹೊತ್ತಿಗೆ ಒಂದೇ ಕೆಲಸ ಮಾಡಿ, ಏಕಾಗ್ರತೆ ಬೆಳೆಸಿಕೊಳ್ಳಿ, ಒತ್ತಡ ತಾನಾಗಿ ಇಳಿಯುತ್ತದೆ ಎಂದು ಆ ಪುಸ್ತಕಗಳು ಹೇಳುತ್ತವೆ. ಮೊದಲನೆಯದು ಸಂಬಳ ಕೊಡುವವರ ಮಾತು, ಎರಡನೆಯದು ಪುಸ್ತಕ ಮಾರುವವರ ಮಾತು. ಇವೆರಡರ ನಡುವೆ ಸಿಕ್ಕಿಕೊಂಡ ಮನುಷ್ಯನಿಗೆ ಕೊನೆಗೆ ಉಳಿಯುವುದು, ತನ್ನಲ್ಲೇ ಏನೋ ಕೊರತೆಯಿದೆ ಎಂಬ ಅಳುಕು ಮಾತ್ರ.

ಎರಡನೆಯ ಮಾತು ಸುಳ್ಳೆಂದು ನಾವು ವಾದಿಸುತ್ತಿಲ್ಲ. ಅದು ನಿಜ, ಆದರೆ ಅರ್ಧ ನಿಜ. ಉಳಿದರ್ಧವನ್ನು ಹೇಳದೆ ಬಿಡುವುದರಿಂದ ಯಾರಿಗೆ ಅನುಕೂಲವಾಗುತ್ತಿದೆ ಎಂದು ಕೇಳುವುದಷ್ಟೇ ಈ ಬರಹದ ಉದ್ದೇಶ.

ಮೊದಲು ಪದದ ವಿಷಯ. ಮಲ್ಟಿಟಾಸ್ಕಿಂಗ್ ಎಂಬ ಪದ ಮನುಷ್ಯನಿಗಾಗಿ ಹುಟ್ಟಿದ್ದಲ್ಲ. 1960ರ ದಶಕದ ಮಧ್ಯಭಾಗದಲ್ಲಿ ಐಬಿಎಂ ಕಂಪನಿಯ ಸಿಸ್ಟಂ/360 ಗಣಕಯಂತ್ರಗಳ ಸಾಮರ್ಥ್ಯವನ್ನು ವಿವರಿಸುವಾಗ ಬಳಕೆಗೆ ಬಂದ ಪದ ಅದು. ಆ ಯಂತ್ರಗಳ ಮಿದುಳೂ ಒಂದು ಕ್ಷಣಕ್ಕೆ ಒಂದೇ ಕೆಲಸ ಮಾಡುತ್ತಿತ್ತು. ಒಂದನ್ನು ಸ್ವಲ್ಪ ಮಾಡಿ, ಎಲ್ಲಿಗೆ ನಿಲ್ಲಿಸಿದ್ದು ಎಂಬುದನ್ನು ಚೂರೂ ಬಿಡದೆ ಗುರುತು ಹಾಕಿಟ್ಟು, ಇನ್ನೊಂದಕ್ಕೆ ಹೋಗಿ, ಮತ್ತೆ ಮೊದಲನೆಯದಕ್ಕೆ ಮರಳುತ್ತಿತ್ತು. ಈ ಸರದಿ ಎಷ್ಟು ವೇಗವಾಗಿ ನಡೆಯುತ್ತಿತ್ತೆಂದರೆ ನೋಡುವವರಿಗೆ ಎಲ್ಲವೂ ಒಟ್ಟಿಗೇ ಆದಂತೆ ಕಾಣುತ್ತಿತ್ತು. ಯಂತ್ರಕ್ಕೂ ಇದರಲ್ಲಿ ಮಿತಿಯಿತ್ತು. ನೆನಪಿನ ಜಾಗಕ್ಕೆ ಮೀರಿ ಕೆಲಸ ತುಂಬಿದರೆ ಗಣಕಯಂತ್ರ ಸಾಮಾನನ್ನು ಒಳಗೆ ಹೊರಗೆ ಸಾಗಿಸುವುದರಲ್ಲೇ ಹೊತ್ತು ಕಳೆದು, ನಿಜವಾದ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆಂದು ಪೀಟರ್ ಡೆನ್ನಿಂಗ್ ಎಂಬ ಗಣಕ ವಿಜ್ಞಾನಿ 1968ರಲ್ಲೇ ವಿವರಿಸಿದ್ದರು. ಯಂತ್ರದ ಗುಣವನ್ನು ಮನುಷ್ಯನಿಗೆ ಆದರ್ಶವಾಗಿ ತಂದಿಟ್ಟವರು ಯಂತ್ರದ ಈ ಬಿಕ್ಕಟ್ಟನ್ನು ಮಾತ್ರ ಜೊತೆಗೆ ತರಲಿಲ್ಲ.

ಮನುಷ್ಯನ ಮನಸ್ಸಿಗೆ ಇದು ಒಗ್ಗುವುದಿಲ್ಲ ಎಂಬುದು ಅದಕ್ಕೂ ಮೊದಲೇ ಗೊತ್ತಿತ್ತು. ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡುವುದಕ್ಕಿಂತ ಎರಡು ಬಗೆಯವನ್ನು ಅದಲುಬದಲಾಗಿ ಮಾಡುವುದಕ್ಕೆ ಹೆಚ್ಚು ಹೊತ್ತು ಬೇಕೆಂದು ಅಮೆರಿಕದ ಆರ್ಥರ್ ಜರ್ಸಿಲ್ಡ್ 1927ರಲ್ಲಿ ತೋರಿಸಿದರು. ಕೆಲಸ ಜಟಿಲವಾದಷ್ಟೂ ಈ ನಷ್ಟ ಹೆಚ್ಚೆಂದು 2001ರಲ್ಲಿ ರೂಬಿನ್‌ಸ್ಟೈನ್, ಮೇಯರ್ ಮತ್ತು ಇವಾನ್ಸ್ ಎಂಬ ಸಂಶೋಧಕರು ಅಳೆದು ಹೇಳಿದರು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದಂಶ ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆಂದು 2009ರಲ್ಲಿ ಸೋಫಿ ಲೆರಾಯ್ ಬರೆದರು. ಪಾತ್ರೆ ಬಗ್ಗಿಸಿದ ಮೇಲೂ ತಳಕ್ಕೆ ಅಂಟಿಕೊಂಡ ಹಿಟ್ಟಿನ ಹಾಗೆ ಅದು. ದಿನಕ್ಕೆ ಇಪ್ಪತ್ತು ಕೆಲಸಗಳನ್ನು ಅರ್ಧಕ್ಕೆ ಬಿಟ್ಟವರು ಸಂಜೆ ಮನೆಗೆ ಬರುವಾಗ ಹೊತ್ತು ತರುವುದು ಈ ಇಪ್ಪತ್ತು ಪಾತ್ರೆಗಳ ತಳವನ್ನು. ಅವರನ್ನು ದಣಿಸುವುದು ಮುಗಿಸಿದ ಕೆಲಸಕ್ಕಿಂತ ಮುಗಿಯದೆ ಉಳಿದ ಕೆಲಸವೇ ಹೆಚ್ಚು.

ಈ ಅಧ್ಯಯನಗಳ ಪೈಕಿ ನಮಗೆ ಅತ್ಯಂತ ಗಮನಾರ್ಹವೆನಿಸಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ್ದು. ಕೆಲಸದ ನಡುವೆ ಪದೇ ಪದೇ ತಡೆಯಲ್ಪಟ್ಟವರು ಕೆಲಸವನ್ನು ತಡವಾಗಿ ಮುಗಿಸಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಆದದ್ದು ಬೇರೆ. ಅವರು ಬೇಗನೇ ಮುಗಿಸಿದರು, ಗುಣಮಟ್ಟವೂ ಕೆಡಲಿಲ್ಲ. ಆದರೆ ಅವರ ಒತ್ತಡ, ಹತಾಶೆ, ಹೊತ್ತು ಸಾಲದೆಂಬ ಧಾವಂತ ಎಲ್ಲವೂ ಹೆಚ್ಚಾಗಿದ್ದವು. ಈ ಫಲಿತಾಂಶವನ್ನು ನಿಧಾನವಾಗಿ ಓದಿಕೊಳ್ಳಬೇಕು. ತಡೆಯುವವರಿಗೆ ನಷ್ಟವೇನೂ ಆಗಲಿಲ್ಲ, ಕೆಲಸ ಬೇಗ ಕೈಸೇರಿತು. ಬೆಲೆ ತೆತ್ತವರು ತಡೆಯಲ್ಪಟ್ಟವರು, ಅದೂ ಯಾವ ಹಾಜರಿ ಪುಸ್ತಕದಲ್ಲೂ ನಮೂದಾಗದ ಲೆಕ್ಕದಲ್ಲಿ. ಜಾಹೀರಾತಿನ ಆ ಷರತ್ತು ಇಷ್ಟು ವರ್ಷ ಯಾಕೆ ಬಾಳಿಕೊಂಡು ಬಂದಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕೆನಿಸುವುದಿಲ್ಲ.

ಕನ್ನಡದ ಓದುಗರು ಇಲ್ಲೊಂದು ಪ್ರಶ್ನೆ ಎತ್ತಬಹುದು. ನಮ್ಮಲ್ಲಿ ಅಷ್ಟಾವಧಾನ, ಶತಾವಧಾನಗಳ ಪರಂಪರೆಯೇ ಇದೆಯಲ್ಲ, ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ನಡೆಸಿದ ಶತಾವಧಾನಿ ಆರ್. ಗಣೇಶ್ ನಮ್ಮ ನಡುವೆಯೇ ಇದ್ದಾರಲ್ಲ, ಎಂಟು ಜನರಿಗೆ ಒಟ್ಟಿಗೆ ಉತ್ತರಿಸುವುದು ಏಕಕಾಲದ ಬಹುಕಾರ್ಯವಲ್ಲವೇ? ಅವಧಾನದ ಸಭೆಯಲ್ಲಿ ಕುಳಿತು ನೋಡಿದವರಿಗೆ ಇದರ ಉತ್ತರ ಗೊತ್ತು. ಪೃಚ್ಛಕರು ಎಂಟು ಮಂದಿಯಾದರೂ ಪ್ರತಿಯೊಬ್ಬರಿಗೂ ಸರದಿಯಿದೆ. ಸಮಸ್ಯೆ ಕೊಟ್ಟವರಿಗೆ ಒಂದು ಪಾದ, ದತ್ತಪದಿಯವರಿಗೆ ಒಂದು ಪಾದ, ಹೀಗೆ ಸುತ್ತು ಸುತ್ತಾಗಿ ಪದ್ಯಗಳು ಬೆಳೆಯುತ್ತವೆ. ಕೊನೆಗೆ ಅವಧಾನಿ ಎಲ್ಲವನ್ನೂ ನೆನಪಿನಿಂದ ಒಪ್ಪಿಸುವ ಧಾರಣೆಯ ಭಾಗ ಬರುತ್ತದೆ. ಸರದಿ ಮುರಿದು ನಡುವೆ ಬಾಯಿ ಹಾಕುವ ಅಧಿಕಾರ ಮುಖ್ಯವಾಗಿ ಒಬ್ಬರಿಗೆ. ಅವರ ಹೆಸರೇ ಅಪ್ರಸ್ತುತ ಪ್ರಸಂಗಿ. ಅವಧಾನಿಯ ಗಮನ ಕೆಡಿಸುವುದೇ ಅವರಿಗೆ ವಹಿಸಿದ ಕೆಲಸ. ಅಂದರೆ ಮನುಷ್ಯನ ಗಮನಶಕ್ತಿಯನ್ನು ಕಠಿಣವಾಗಿ ಪರೀಕ್ಷಿಸಲೆಂದೇ ಕಟ್ಟಿದ ಈ ಕಲೆಯಲ್ಲೂ ನಮ್ಮ ಹಿರಿಯರು ಎಂಟರಲ್ಲಿ ಒಬ್ಬ ಅಡ್ಡಿಗಾರನಿಗೆ ಮಾತ್ರ ಆಸನ ಕೊಟ್ಟರು. ನಮ್ಮ ಇಂದಿನ ದಿನಚರಿಯಲ್ಲಿ ಎಂಟಕ್ಕೆ ಏಳು ಮಂದಿ ಅಪ್ರಸ್ತುತ ಪ್ರಸಂಗಿಗಳೇ. ಕಚೇರಿಯ ವಾಟ್ಸ್‌ಆ್ಯಪ್ ಗುಂಪು, ಬ್ಯಾಂಕಿನ ಸಂದೇಶ, ಸಾಲ ಬೇಕೇ ಎಂದು ಕೇಳುವ ದೂರವಾಣಿ ಕರೆ, ಯಾರದೋ ಮದುವೆಯ ವಿಡಿಯೋ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಪ್ರವೇಶವಿದೆ. ಧಾರಣೆಗೆ ಮಾತ್ರ ಹೊತ್ತಿಲ್ಲ.

ಹಾಗೆಂದು ಎರಡು ಕೆಲಸಗಳು ಒಟ್ಟಿಗೆ ನಡೆಯುವುದೆಲ್ಲ ಕೇಡೆಂದು ಹೇಳಲಾಗದು. ಕೈಗೆ ಪೂರ್ತಿ ರೂಢಿಯಾದ ಕೆಲಸ ಮನಸ್ಸನ್ನು ಅಷ್ಟಾಗಿ ಬೇಡುವುದಿಲ್ಲ. ಕ್ಯೂಬಾದ ಹವಾನಾದಲ್ಲಿ ಚುಟ್ಟಾ ಸುತ್ತುವ ಕಾರ್ಖಾನೆಗಳ ಕಾರ್ಮಿಕರು 1865ರಷ್ಟು ಹಿಂದೆಯೇ ತಮ್ಮ ಕೂಲಿಯಿಂದ ಪಾಲು ಹಾಕಿ, ಪತ್ರಿಕೆ ಮತ್ತು ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಹೇಳಲು ಒಬ್ಬ ಓದುಗನನ್ನು ನೇಮಿಸಿಕೊಳ್ಳುವ ರೂಢಿ ಶುರುಮಾಡಿದರು. ನಮ್ಮ ನೆರೆಯ ಕಣ್ಣೂರಿನಲ್ಲಿ 1969ರಲ್ಲಿ ಹುಟ್ಟಿದ ಕೇರಳ ದಿನೇಶ್ ಬೀಡಿ ಸಹಕಾರ ಸಂಘದ ಕೆಲಸದ ಮನೆಗಳಲ್ಲೂ ಇಂಥ ಓದು ನಡೆಯುತ್ತಿತ್ತು. ಕೈ ಬೀಡಿ ಸುತ್ತುತ್ತಿದ್ದರೆ ಕಿವಿ ಮತ್ತು ಮನಸ್ಸು ಒಂದೇ ಕಡೆ, ಓದುವವನ ದನಿಯ ಕಡೆ ಇರುತ್ತಿತ್ತು.

ಇದೇ ಬೀಡಿಯನ್ನು ದಕ್ಷಿಣ ಕನ್ನಡದ ಮನೆಗಳ ಜಗಲಿಯಲ್ಲಿ ಕುಳಿತು ಸುತ್ತುವ ಹೆಂಗಸಿನ ಸ್ಥಿತಿ ಬೇರೆ. ಅವರ ಕೈಯೂ ಅಷ್ಟೇ ಪಳಗಿದ್ದು. ಆದರೆ ಒಲೆಯ ಮೇಲೆ ಗಂಜಿ ಉಕ್ಕುತ್ತದೆ, ಮಗು ಎದ್ದು ಅಳುತ್ತದೆ, ಅತ್ತೆ ಮಾತ್ರೆ ಕೇಳುತ್ತಾರೆ, ನಳದಲ್ಲಿ ನೀರು ಬಂದು ಹೋಗುವ ಹೊತ್ತಾಗುತ್ತದೆ. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಎದ್ದು ಹೋದ ಪ್ರತಿ ಸಲವೂ ಲೆಕ್ಕ ಕಡಿಮೆಯಾಗುತ್ತದೆ, ಅವಸರದಲ್ಲಿ ಸುತ್ತಿದ್ದು ತಿರಸ್ಕೃತವಾಗಿ ಬರುತ್ತದೆ. ಎರಡೂ ಕಡೆ ಕೆಲಸ ಒಂದೇ. ಅಲ್ಲಿ ಕಾರ್ಮಿಕರು ಒಟ್ಟಾಗಿ ತಮ್ಮ ಹೊತ್ತನ್ನು ಕಾಪಾಡಿಕೊಂಡಿದ್ದರು, ಇಲ್ಲಿ ಒಬ್ಬ ಹೆಂಗಸಿನ ಹೊತ್ತಿಗೆ ಎಲ್ಲರೂ ಹಕ್ಕುದಾರರು. ಇವರನ್ನೇ ನಾವು ‘ಹತ್ತು ಕೆಲಸ ಒಟ್ಟಿಗೆ ಮಾಡುವ ಗಟ್ಟಿಗಿತ್ತಿ’ ಎಂದು ಹೊಗಳುತ್ತೇವೆ. ಹೊಗಳಿಕೆ ಅಗ್ಗ, ಎದ್ದು ಹೋಗಿ ಗಂಜಿ ಇಳಿಸುವುದು ಅಷ್ಟು ಅಗ್ಗವಲ್ಲ.

ಉರ್ದು ಮತ್ತು ಕನ್ನಡ ಎರಡರಲ್ಲೂ ಅಕ್ಷರ ಕಲಿತ ನಮಗೆ ಈ ಸಂದರ್ಭದಲ್ಲಿ ಎರಡು ಪದಗಳು ನೆನಪಾಗುತ್ತವೆ. ಒತ್ತಡ, ಕಳವಳ ಎನ್ನುವುದಕ್ಕೆ ನಮ್ಮ ಮನೆಗಳಲ್ಲಿ ಬಳಸುವ ಮಾತು ಪರೇಶಾನಿ. ಫಾರ್ಸಿಯಲ್ಲಿ ಪರೇಶಾನ್ ಎಂದರೆ ಮೂಲತಃ ಚದುರಿದ್ದು, ಕೆದರಿದ್ದು. ಗಝಲ್‌ಗಳಲ್ಲಿ ಪ್ರೇಯಸಿಯ ಕೆದರಿದ ಕೂದಲಿಗೂ ಇದೇ ವಿಶೇಷಣ. ಮನಸ್ಸಿನ ಕ್ಲೇಶವನ್ನು ಚದುರಿಹೋಗುವುದೆಂದೇ ಅರ್ಥ ಮಾಡಿಕೊಂಡ ಪದವಿದು. ಇದರ ಎದುರಿಗೆ ನಿಲ್ಲುವ ಮಾತು ‘ಖಾತಿರ್ ಜಮಾ’. ಖಾತಿರ್ ಎಂದರೆ ಮನಸ್ಸು, ಜಮಾ ಎಂದರೆ ಒಟ್ಟುಗೂಡಿದ್ದು. ಖಾತಿರ್ ಜಮಾ ಇರಲಿ ಎಂದರೆ ಚಿಂತೆ ಬಿಡು, ನೆಮ್ಮದಿಯಾಗಿರು ಎಂದರ್ಥ. ಈ ಖಾತಿರ್ ಪದವೇ ಕನ್ನಡಕ್ಕೆ ಬಂದು ಖಾತರಿ, ಖಾತ್ರಿ ಎಂದಾಗಿದೆ. 2005ರ ಕಾಯ್ದೆಯ ನಂತರ ಹಳ್ಳಿ ಹಳ್ಳಿಗೂ ಗೊತ್ತಾದ ‘ಉದ್ಯೋಗ ಖಾತ್ರಿ’ ಎಂಬ ಮಾತಿನಲ್ಲಿರುವುದೂ ಅದೇ. ಪದದ ಈ ಪ್ರಯಾಣದಲ್ಲಿ ಒಂದು ತಿಳಿವಳಿಕೆ ಅಡಗಿದೆ ಎಂದು ನಮಗನ್ನಿಸುತ್ತದೆ. ಮನಸ್ಸು ಒಂದೆಡೆ ಸೇರಬೇಕಾದರೆ ಅದಕ್ಕೆ ಖಾತ್ರಿ ಬೇಕು. ಈ ಒಂದು ಗಂಟೆ ನನ್ನನ್ನು ಯಾರೂ ಕರೆಯುವುದಿಲ್ಲ, ಕರೆದರೂ ನೋಡಿಕೊಳ್ಳುವವರು ಇನ್ನೊಬ್ಬರಿದ್ದಾರೆ, ತಕ್ಷಣ ಉತ್ತರಿಸದಿದ್ದರೆ ಕೆಲಸ ಹೋಗುವುದಿಲ್ಲ ಎಂಬ ಖಾತ್ರಿ.

ವ್ಯಕ್ತಿತ್ವ ವಿಕಸನದ ಪುಸ್ತಕಗಳು ಬಿಟ್ಟುಬಿಡುವ ಉಳಿದರ್ಧ ನಿಜ ಇದು. ಕೋಣೆಯ ಬಾಗಿಲು ಮುಚ್ಚಿ, ಫೋನನ್ನು ದೂರವಿಡಿ, ಮುಖ್ಯವಾದ ಕೆಲಸವನ್ನು ಮೊದಲು ಮಾಡಿ ಎಂದು ಅವು ಹೇಳುವಾಗ ಓದುಗನಿಗೆ ಕೋಣೆಯಿದೆ, ಬಾಗಿಲಿದೆ, ಯಾವುದು ಮುಖ್ಯವೆಂದು ನಿರ್ಧರಿಸುವ ಅಧಿಕಾರವಿದೆ ಎಂದು ಮೊದಲೇ ಭಾವಿಸಿಕೊಂಡಿರುತ್ತವೆ. ಬರೆಯುವ ಹೆಣ್ಣಿಗೆ ಸ್ವಂತ ಕೋಣೆಯೂ ವರಮಾನವೂ ಬೇಕೆಂದು ವರ್ಜೀನಿಯಾ ವುಲ್ಫ್ 1929ರಲ್ಲಿ ಹೇಳಿದ್ದು ಈ ಪುಸ್ತಕಗಳಿಗೆ ಇನ್ನೂ ತಲುಪಿದಂತಿಲ್ಲ. ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯನ್ನು ನೋಡಿ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕಳೆದರೆ ಗಂಡಸರು ಕಳೆದದ್ದು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಇವು 299 ಮತ್ತು 97 ಇದ್ದವು. ಐದು ವರ್ಷಗಳಲ್ಲಿ ಇಬ್ಬರ ಹೊತ್ತೂ ಸ್ವಲ್ಪ ಇಳಿದಿದೆ, ನಡುವಿನ ಅಂತರ ಮಾತ್ರ ಇದ್ದಲ್ಲೇ ಇದೆ. ಆ 289 ನಿಮಿಷಗಳು ಒಂದೇ ಉಸಿರಿಗೆ ಮುಗಿಯುವ ನಿಮಿಷಗಳಲ್ಲ. ಬೆಳಗಿನಿಂದ ರಾತ್ರಿಯವರೆಗೆ ತುಂಡು ತುಂಡಾಗಿ ಹರಡಿಕೊಂಡು, ಉಳಿದ ಹೊತ್ತನ್ನೂ ತುಂಡು ಮಾಡುವಂಥವು.

ಸಾರ್ವಜನಿಕ ಸೇವೆಯಲ್ಲೂ ಕಥೆ ಇದೇ. ಅಂಗನವಾಡಿಯಲ್ಲಿ ಮಗುವಿಗೆ ಉಣಬಡಿಸುವ, ಹಾಡು ಕಲಿಸುವ ಕಾರ್ಯಕರ್ತೆಯ ಕೈಗೆ 2021ರಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬಂತು. ಅಂದಿನಿಂದ ತೂಕ, ಎತ್ತರ, ಹಾಜರಾತಿ ಎಲ್ಲವನ್ನೂ ಫೋನಿಗೆ ತುಂಬುವುದು ಅವರ ಕೆಲಸದೊಳಗೆ ಸೇರಿಕೊಂಡಿದೆ. ಶಾಲಾ ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ಹಚ್ಚಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹೇಳುತ್ತದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳಿಗೆ ಅದೇ ಕಲಮು ವಿನಾಯಿತಿಯನ್ನೂ ಕೊಟ್ಟಿದೆ. ಇಂಥವರಿಗೆ ಏಕಾಗ್ರತೆಯ ಕಾರ್ಯಾಗಾರ ನಡೆಸುವುದೆಂದರೆ ನೀರಿಗೆ ತಳ್ಳಿದ ಮೇಲೆ ಬಟ್ಟೆ ಒದ್ದೆಯಾಗದಂತೆ ನೋಡಿಕೋ ಎಂದು ಬುದ್ಧಿ ಹೇಳಿದ ಹಾಗೆ.

ಇಲ್ಲಿ ನಮಾಝಿನ ಮಾತು ಬರುವುದು ಸಹಜ. ಮಸೀದಿಯ ಉಪದೇಶಗಳಲ್ಲಿ ಖುಷೂ, ಅಂದರೆ ವಿನಯದಿಂದ ಕೂಡಿದ ತನ್ಮಯತೆಯ ಬಗ್ಗೆ ನಾವೆಲ್ಲ ಕೇಳಿದ್ದೇವೆ. ಹನ್ನೊಂದು, ಹನ್ನೆರಡನೇ ಶತಮಾನಗಳ ಇಮಾಮ್ ಗಝ್ಝಾಲಿ ತಮ್ಮ ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ನಮಾಝಿಗೆ ಮನಸ್ಸು ಹಾಜರಿರಬೇಕಾದ ಅಗತ್ಯವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಆದರೆ ನಮಾಝಿನ ರಚನೆಯೇ ಮನಸ್ಸಿಗೆ ಎಷ್ಟು ಸಹಾಯ ಮಾಡುತ್ತದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಮೊದಲು ನಿಯ್ಯತ್, ಈಗ ಮಾಡಹೊರಟಿರುವುದು ಯಾವ ಕೆಲಸ ಎಂಬ ಸ್ಪಷ್ಟ ಸಂಕಲ್ಪ. ಆಮೇಲೆ ತಕ್ಬೀರೆ ತಹ್ರೀಮ, ನಿಷೇಧಿಸುವ ತಕ್ಬೀರ್. ಒಂದು ಕ್ಷಣದ ಹಿಂದೆ ಸಮ್ಮತವಾಗಿದ್ದ ಮಾತು, ಊಟ, ವ್ಯವಹಾರ ಎಲ್ಲವೂ ಅಲ್ಲಿಂದ ನಿಷಿದ್ಧ. ಕೊನೆಗೆ ಬಲಕ್ಕೆ ಎಡಕ್ಕೆ ಸಲಾಮ್ ಹೇಳಿದಾಗ ಕೆಲಸ ಮುಗಿಯಿತು, ಲೋಕ ಮತ್ತೆ ತೆರೆಯಿತು. ಆರಂಭಕ್ಕೂ ಅಂತ್ಯಕ್ಕೂ ಗುರುತಿರುವುದರಿಂದ ತಳಕ್ಕೆ ಅಂಟಿಕೊಂಡು ಉಳಿಯುವುದು ಕಡಿಮೆ. ಜುಮುಅದ ಕರೆ ಬಂದಾಗ ವ್ಯಾಪಾರ ನಿಲ್ಲಿಸಬೇಕೆಂದು ಕುರ್‌ಆನ್ ಹೇಳುತ್ತದೆ. ಅದರ ಮರುವಚನವೇ ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಹರಡಿಕೊಂಡು ದುಡಿಮೆಗೆ ಹೊರಡಲು ತಿಳಿಸುತ್ತದೆ. ಎರಡಕ್ಕೂ ಜಾಗವಿದೆ, ಒಂದರ ಮೇಲೊಂದು ಹೇರಿಲ್ಲ. ಊಟ ಬಡಿಸಿ ಆಗಿರುವಾಗಲೇ ನಮಾಝಿನ ಕರೆ ಬಂದರೆ ಮೊದಲು ಊಟ ಮಾಡಿ ಎಂಬ ಪ್ರವಾದಿ ಮುಹಮ್ಮದ್(ಸ) ಅವರ ಸೂಚನೆ ಹದೀಸ್ ಸಂಗ್ರಹಗಳಲ್ಲಿದೆ. ಹಸಿದವನಿಗೆ ಮನಸ್ಸು ಹಿಡಿತದಲ್ಲಿಟ್ಟುಕೋ ಎನ್ನುವ ಬದಲು ಅನ್ನವನ್ನೇ ಮುಂದೆ ಮಾಡಿದ ವಿವೇಕ ಅದು.

ಇದಕ್ಕಿಂತಲೂ ದೊಡ್ಡ ಮಾತು ಇನ್ನೊಂದು ಹದೀಸಿನಲ್ಲಿದೆ. ಸಾಮೂಹಿಕ ನಮಾಝನ್ನು ದೀರ್ಘವಾಗಿ ನಡೆಸಬೇಕೆಂದು ನಿಂತ ಪ್ರವಾದಿಯವರು(ಸ) ಹಿಂದಿನ ಸಾಲಿನಿಂದ ಮಗುವಿನ ಅಳು ಕೇಳಿಸಿದರೆ ತಾಯಿಗೆ ಕಷ್ಟವಾಗಬಾರದೆಂದು ನಮಾಝನ್ನು ಮೊಟಕುಗೊಳಿಸುತ್ತಿದ್ದರೆಂದು ಬುಖಾರಿ ಸಂಗ್ರಹದಲ್ಲಿ ವರದಿಯಾಗಿದೆ. ಇದನ್ನು ನಾವು ತಾಯಂದಿರ ಬಗೆಗಿನ ಕರುಣೆಯ ಉದಾಹರಣೆಯಾಗಿ ಹೇಳಿ ಮುಗಿಸಿಬಿಡುತ್ತೇವೆ. ಅಷ್ಟಕ್ಕೇ ನಿಲ್ಲಬೇಕಾಗಿಲ್ಲ. ಅಳುವ ಮಗುವಿನ ತಾಯಿಯ ಮನಸ್ಸು ಎರಡಾಗುವುದು ಆಕೆಯ ಭಕ್ತಿಯ ಕೊರತೆಯೆಂದು ಅಲ್ಲಿ ಯಾರೂ ಭಾವಿಸಲಿಲ್ಲ. ಆಕೆಗೆ ಖುಷೂವಿನ ಪಾಠ ಹೇಳಲಿಲ್ಲ. ಬದಲಾದವರು ಮುಂದೆ ನಿಂತವರು. ಹೊತ್ತಿನ ಅಳತೆಯನ್ನು ನಿರ್ಧರಿಸುವ ಅಧಿಕಾರ ಯಾರಲ್ಲಿತ್ತೋ ಅವರೇ ಅದನ್ನು ತಗ್ಗಿಸಿದರು. ನಮ್ಮ ಕಚೇರಿಗಳ ಮೇಲಧಿಕಾರಿಗಳು, ನಮ್ಮ ಮನೆಗಳ ಯಜಮಾನರು, ನಮ್ಮ ಮದ್ರಸ ಮತ್ತು ಶಾಲೆಗಳ ಆಡಳಿತಗಾರರು ಕಲಿಯಬೇಕಾದ ಪಾಠ ಇಲ್ಲಿದೆ.

ಅಳುವ ಮಗು ಅಪ್ರಸ್ತುತ ಪ್ರಸಂಗಿಯಲ್ಲ ಎಂಬುದೂ ಇದರಿಂದ ತಿಳಿಯುತ್ತದೆ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಸಂಕಲನಕ್ಕೆ ಹೆಸರು ಕೊಟ್ಟ ‘ಎದೆಯ ಹಣತೆ’ ಕಥೆಯಲ್ಲಿ ಬದುಕಿಗೆ ಬೆನ್ನು ಹಾಕಿ ಸಾವಿನ ಅಂಚಿಗೆ ಬಂದು ನಿಂತ ತಾಯಿಯನ್ನು ಮರಳಿ ಎಳೆದು ತರುವುದು ಮಗಳ ಮೊರೆ. ಎಲ್ಲ ಕರೆಗಳನ್ನೂ ತಡೆಯೆಂದು ಬಗೆದು ಬಾಗಿಲು ಮುಚ್ಚಿಕೊಳ್ಳುವ ಏಕಾಗ್ರತೆ ಕಲ್ಲಿನ ಏಕಾಗ್ರತೆಯಾದೀತು. ಯಾವ ಕರೆ ಮನುಷ್ಯನದು, ಯಾವುದು ಬರೀ ಗದ್ದಲ ಎಂದು ಗುರುತಿಸುವಷ್ಟು ಬಿಡುವು ಮನಸ್ಸಿಗೆ ಇರಬೇಕೆನ್ನುವುದು ನಮ್ಮ ಕಾಳಜಿ.

ಹಾಗಾದರೆ ಮಾಡಬೇಕಾದದ್ದೇನು? ನಮ್ಮ ಕೈಯಲ್ಲಿರುವಷ್ಟನ್ನು ನಾವು ಮಾಡಿಕೊಳ್ಳಬೇಕು, ಅದರಲ್ಲಿ ಸಂಶಯವಿಲ್ಲ. ಕೊಸ್ಟಾಡಿನ್ ಕುಶ್ಲೆವ್ ಮತ್ತು ಎಲಿಜಬೆತ್ ಡನ್ ಎಂಬ ಸಂಶೋಧಕರು ಕೆನಡಾದಲ್ಲಿ 124 ಜನರ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ ಮೂರೇ ಸಲ ಇ-ಮೇಲ್ ನೋಡಿದ ವಾರದಲ್ಲಿ ಜನರ ದೈನಂದಿನ ಒತ್ತಡ ಕಡಿಮೆಯಾಗಿತ್ತು. ಫೋನಿನ ಸದ್ದನ್ನು ನಿಲ್ಲಿಸಿ ಗೊತ್ತಾದ ಹೊತ್ತಿಗೆ ಮಾತ್ರ ನೋಡುವುದು, ಅರ್ಧಕ್ಕೆ ಬಿಟ್ಟು ಏಳಲೇಬೇಕಾದರೆ ಎಲ್ಲಿಗೆ ನಿಂತಿತೆಂದು ಒಂದು ಸಾಲು ಬರೆದಿಟ್ಟು ಏಳುವುದು, ಉಣ್ಣುವಾಗ ಉಣ್ಣುವುದು, ಇವು ದುಡ್ಡಿಲ್ಲದ ಉಪಾಯಗಳು. ಆದರೆ ದಿನಕ್ಕೆ ಮೂರೇ ಸಲ ನೋಡುತ್ತೇನೆ ಎನ್ನಲು ಮೇಲಿನವರ ಒಪ್ಪಿಗೆ ಬೇಕು. ಆದ್ದರಿಂದಲೇ ಫ್ರಾನ್ಸ್ 2017ರಿಂದ ಕೆಲಸದ ಹೊತ್ತಿನಾಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಕಾನೂನಿನ ಮಾತಾಗಿಸಿತು, 2024ರಲ್ಲಿ ಆಸ್ಟ್ರೇಲಿಯಾ ಅದೇ ದಾರಿ ಹಿಡಿಯಿತು. ನಮ್ಮ ಲೋಕಸಭೆಯಲ್ಲೂ ಸಂಸದೆ ಸುಪ್ರಿಯಾ ಸುಳೆ ಇಂಥದೊಂದು ಖಾಸಗಿ ಮಸೂದೆಯನ್ನು ಮಂಡಿಸಿದ್ದರು. ಕಚೇರಿಯ ನೌಕರನಿಗೆ ಕಾನೂನು ಖಾತ್ರಿ ಕೊಡಬಹುದು. ಜಗಲಿಯ ಮೇಲೆ ಬೀಡಿ ಸುತ್ತುವವರಿಗೆ ಖಾತ್ರಿ ಕೊಡಬೇಕಾದವರು ಅದೇ ಮನೆಯೊಳಗಿದ್ದಾರೆ.

ಕಥೆ ಬರೆಯುವ ನಮಗೆ ಇದರಲ್ಲಿ ಸ್ವಂತ ಹಿತವೂ ಇದೆಯೆಂದು ಮುಚ್ಚಿಡುವುದೇಕೆ? ಸಣ್ಣಕಥೆಯನ್ನು ಒಂದೇ ಕೂರಿಕೆಯಲ್ಲಿ ಓದಿ ಮುಗಿಸುವಂತಿರಬೇಕು, ನಡುವೆ ಲೋಕವ್ಯವಹಾರ ನುಗ್ಗಿದರೆ ಅದರ ಪರಿಣಾಮ ಕೆಡುತ್ತದೆಂದು ಎಡ್ಗರ್ ಅಲನ್ ಪೋ 1842ರಲ್ಲಿ ವಾದಿಸಿದ್ದರು. ಓದುಗನಿಗೆ ತಡೆಯಿಲ್ಲದ ಒಂದು ಗಂಟೆ ಸಿಗುತ್ತದೆಂಬ ನಂಬಿಕೆಯ ಮೇಲೆ ನಿಂತ ಪ್ರಕಾರವಿದು. ಆ ಗಂಟೆ ಇಲ್ಲದ ಸಮಾಜದಲ್ಲಿ ಕಥೆ ಮೊದಲು ಕಿರಿದಾಗುತ್ತದೆ, ಆಮೇಲೆ ಸಂದೇಶವಾಗುತ್ತದೆ, ಕೊನೆಗೆ ಕಾಣದಾಗುತ್ತದೆ. ಸಂಜೆ ಇಶಾದ ನಂತರ ಮನೆಯ ಹೆಣ್ಣುಮಗಳೊಬ್ಬಳು ಪುಸ್ತಕ ಹಿಡಿದು ಕುಳಿತರೆ ಆಕೆಯನ್ನು ಚಹಾಕ್ಕಾಗಿ ಕರೆಯದಿರುವುದು ಸಣ್ಣ ಸಂಗತಿಯೆನಿಸಬಹುದು. ಚಹಾ ಮಾಡಿಕೊಳ್ಳಲು ಐದು ನಿಮಿಷ ಸಾಕು. ಮುರಿದ ಓದಿಗೆ ಮರಳಲು ಆಕೆಗೆ ಅಷ್ಟು ಸಾಲದು, ಎಷ್ಟೋ ಸಲ ಆಕೆ ಮರಳುವುದೇ ಇಲ್ಲ.